ಒಳಸಾಲು

ಮೈನಸ್ ಇಪ್ಪತ್ತೆರಡರಲ್ಲಿ ಬಾಲ್‌ಪೆನ್ನು ಬರೆಯುವುದಿಲ್ಲ.
ಗ್ರಿಮ್ಸ್‌ಬಿಯ ಶೀತಗೃಹದಲ್ಲಿ ಮೊದಲ ವರ್ಷವೇ ಕಲಿತದ್ದು.
ಆಮೇಲೆ ಪ್ರತಿ ಮಾರ್ಚ್ ಮೂವತ್ತೊಂದಕ್ಕೆ
ಕೋಟಿನ ಜೇಬಲ್ಲಿ ಎರಡು ಪೆನ್ಸಿಲು,
ದವಡೆಯಲ್ಲೊಂದು ಲವಂಗ.

ಕಾಡ್, ಹ್ಯಾಡಕ್, ಪೊಲಾಕ್:
ಮೀನಿನ ಹೆಸರೆಲ್ಲ ಇಂಗ್ಲಿಷಿನವು,
ಎಣಿಕೆ ಮಾತ್ರ ಕನ್ನಡದ್ದು.
ತುಟಿಯೊಳಗೇ ಮೂವತ್ತೇಳು, ಮೂವತ್ತೆಂಟು,
ಒಂದೊಂದು ಸಂಖ್ಯೆಗೂ ಒಂದೊಂದು ಬಿಳಿ ಉಸಿರು.

ಇಪ್ಪತ್ತೈದು ಪೆಟ್ಟಿಗೆ ಬಿಚ್ಚಿ ನೋಡಿದರೆ ಸಾಕು
ಅನ್ನುತ್ತಿತ್ತು ನಮ್ಮ ಕಚೇರಿಯ ಕೈಪಿಡಿ.
ಯಾವ ಇಪ್ಪತ್ತೈದು ಎಂದು
ಸ್ಟೋರ್ ಮ್ಯಾನೇಜರ್ ಬ್ಲಾಂಚರ್ಡ್‌ಗೆ ನನಗಿಂತ ಮೊದಲೇ ಗೊತ್ತು.
ಕೈಗೆಟಕುವ ಹೊರಸಾಲು, ಕಣ್ಣೆತ್ತರದ ಚೀಟಿ,
ಒಳಗೆ ಮುತ್ತಿನಂಥ ಮೀನು.
ಮುಂದಿನ ವರ್ಷ ಕೈಪಿಡಿ ಅರವತ್ತು ಅಂದಿತು.
ಹೊರಸಾಲೂ ಅಷ್ಟೇ ಉದ್ದ ಬೆಳೆಯಿತು.
ನಾವು ಚಾಪೆ ಕೆಳಗೆ ತೂರಿದರೆ
ಅವರು ರಂಗೋಲಿ ಕೆಳಗೆ.

ಕಳ್ಳನಲ್ಲ ಬ್ಲಾಂಚರ್ಡ್. ನನಗೆ ಉಣ್ಣೆಯ ಗವಸು ಕೊಟ್ಟವನು.
ಅಲ್ಲಿ ಯಾರೂ ಒಂದು ಪೆನ್ನಿ ಕದಿಯಲಿಲ್ಲ.
ಮಹಡಿಯ ಬೆಚ್ಚನೆ ಕೋಣೆಯಲ್ಲಿ
ಹಣಕಾಸು ನಿರ್ದೇಶಕಿ ಇಮೋಜೆನ್ ಸ್ಕ್ರಿವೆನ್,
ಅವಳ ಕರಾರುಪತ್ರದಲ್ಲಿ ಒಂದು ಗೆರೆ:
ಲಾಭ ನಾಲ್ಕು ಮಿಲಿಯನ್ ದಾಟಿದರೆ ಬೋನಸ್,
ಒಂದು ಪೌಂಡು ಕಡಿಮೆಯಾದರೂ ಸೊನ್ನೆ.
ಎಂಟು ವರ್ಷದಲ್ಲಿ ಏಳು ಸಲ
ನಾಲ್ಕರ ಮೇಲೆ ಚಿಲ್ಲರೆ.
ಇಷ್ಟು ಹದವಾಗಿ ಯಾವ ಸಮುದ್ರವೂ
ಯಾರಿಗೂ ಮೀನು ಕೊಟ್ಟದ್ದಿಲ್ಲ.

ಅಂದಾಜು ಎಂಬುದು ಇಲ್ಲಿ ಕಾನೂನು ಒಪ್ಪಿದ ಪದ.
ಹಳೆಯ ಪೊಲಾಕ್ ನಾಳೆ ಮಾರಿಹೋಗುತ್ತದೆಂದು
ನಂಬುವ ಹಕ್ಕು ಎಲ್ಲರಿಗೂ ಇದೆ.
ನಂಬಿಕೆಯ ದರ, ಕಿಲೋಗೆ
ಮೂರು ಪೌಂಡು ಇಪ್ಪತ್ತು.

ನಾನೇನು ಕಡಿಮೆ?
ನಮ್ಮ ಶುಲ್ಕದ ಬಿಲ್ಲಿಗೆ ಸಹಿ ಹಾಕುವವಳೂ ಇಮೋಜೆನ್ನೇ.
ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಿದ್ದಳು ಅಮ್ಮ.
ನನ್ನ ಕಸುಬೇ ಜಂತೆ ಎಣಿಸುವುದು,
ಅದೂ ಉಂಡು, ಕೈ ತೊಳೆದು.
ಏಳು ವರ್ಷ ಟಿಕ್ ಹಾಕಿದೆ.

ಆಗೆಲ್ಲ ವರದಿಯ ಅಡಿಗೆ ಸಂಸ್ಥೆಯ ಹೆಸರು,
ಎಂದೋ ತೀರಿಕೊಂಡ ಇಬ್ಬರು ಪಾಲುದಾರರದು.
ಸತ್ತವರ ಹೆಸರಲ್ಲಿ ರುಜು ಸಲೀಸು.
ಆಮೇಲೆ ಕಾಯ್ದೆ ಬದಲಾಯಿತು:
ಲೆಕ್ಕ ನೋಡಿದವರು ತಮ್ಮ ಹೆಸರನ್ನೇ ಬರೆಯತಕ್ಕದ್ದು.
ಅಷ್ಟೇ, ಒಂದು ವಾಕ್ಯ.
ಊಟದ ರಸೀದಿಯ ಬೆನ್ನಿಗೆ ಬರೆದು ನೋಡಿದೆ:
ವಸುಮತಿ ಅಂಗಡಿ.
ಕೈ ನಿಧಾನವಾಯಿತು.

ಧೈರ್ಯ ಬಂತು ಅಂದರೆ ಅದೂ ತಪ್ಪು ಲೆಕ್ಕ.
ಹೆದರಿಕೆ ಬಂತು.
ಈ ಸಲ ಸರಿಯಾದ ದಿಕ್ಕಿನಿಂದ ಬಂತು.

'ಒಳಸಾಲು ತೆಗೀರಿ' ಅಂದೆ.
ಫೋರ್ಕ್‌ಲಿಫ್ಟಿನ ವಿದಾಸ್ ಬ್ಲಾಂಚರ್ಡ್‌ನ ಮುಖ ನೋಡಿದ.
ಬ್ಲಾಂಚರ್ಡ್ ಸೂರಿನ ಫ್ಯಾನು ನೋಡಿದ.
ಗಂಟೆಗೆ ಹನ್ನೊಂದು ಪೌಂಡಿನ ವಿದಾಸ್‌ಗೆ
ಲಾಭ ನಾಲ್ಕಾದರೇನು, ನಲವತ್ತಾದರೇನು,
ರಾತ್ರಿಯ ಬ್ರೆಡ್ಡು ಅಷ್ಟೇ ದಪ್ಪ.
ಬೀಪ್ ಬೀಪ್ ಎನ್ನುತ್ತ ಹಿಂದಕ್ಕೆ ಸರಿದು
ಒಂದು ಸಾಲು, ಎರಡು, ಮೂರು
ತೆಗೆದೇ ಬಿಟ್ಟ.

ಹಿಂದೆ ಹಿಮ ಗಟ್ಟಿದ ಪೆಟ್ಟಿಗೆಗಳು.
ಪೆನ್ಸಿಲಿನ ಹಿಂಬದಿಯಿಂದ ಕೆರೆದೆ.
ಚೀಟಿಯ ಕೆಳಗೆ ಚೀಟಿ, ಅದರ ಕೆಳಗೆ ಇನ್ನೊಂದು.
ಒಂದೇ ಮೀನಿಗೆ
ಮೂರು ಹುಟ್ಟುಹಬ್ಬ.

ಆ ವರ್ಷದ ಲಾಭ ಎರಡು ಮಿಲಿಯನ್ ಎಂಟು.
ಇಮೋಜೆನ್ ಕೂಗಾಡಲಿಲ್ಲ, ಟೀ ಬಗ್ಗಿಸಿಕೊಟ್ಟಳು.
ಸೆಪ್ಟೆಂಬರಿನಲ್ಲಿ ಪತ್ರ ಬಂತು:
ನಿಮ್ಮ ಸೇವೆಗೆ ಕೃತಜ್ಞರು, ಹೊಸ ಟೆಂಡರು ಕರೆದಿದ್ದೇವೆ.
ಕಚೇರಿಯಲ್ಲಿ ಹಿರಿಯ ಪಾಲುದಾರ ಒಂದು ವಾರ
ನನ್ನ ಮೇಜಿನ ದಾರಿ ಬಿಟ್ಟು ಸುತ್ತಿ ನಡೆದ.
ಹೊಸ ಲೆಕ್ಕಿಗರು ವಿದಾಸ್‌ನನ್ನು ಏನು ಕೇಳುತ್ತಾರೋ.
ಬೋನಸ್ಸಿನ ಗೆರೆ ಈಗ ಮೂರಕ್ಕೆ ಇಳಿದಿದೆಯಂತೆ.

ಆ ದಿನದ ಎಣಿಕೆಯ ಹಾಳೆ ನಮ್ಮ ಕಡತದಲ್ಲಿದೆ.
ಎಲ್ಲ ಪೆನ್ಸಿಲಿನದೇ.
ಯಾರು ಬೇಕಾದರೂ ಅಳಿಸಬಹುದಿತ್ತು,
ನಾನೂ.
ಕೆಳಗಿನ ಹೆಸರು ಮಾತ್ರ ಪೆನ್ನಿನದು;
ಹೊರಗೆ ಬಂದು, ಗವಸು ಕಳಚಿ,
ಬೆರಳಿಗೆ ಜೀವ ಮರಳುವ ತನಕ ಕಾದು
ಬರೆದದ್ದು.